ಏನೂ ಮಾಡದವಳ ಮಗ್ಗ

ಬೆಟಗೇರಿ,
ಭಾನುವಾರ, ೧೫-೬-೨೦೨೫

ನನ್ನ ಕುಲದ ರಾಜಕುಮಾರ ಹೊನ್ನೇಶನಿಗೆ, ನಿನ್ನ ಅಪ್ಪನ ಗರ್ಜನೆಗಳು.

ಆರೋಗ್ಯವೇ? ಇರಲೇಬೇಕು. ಉದ್ಯೋಗ ಅರಸಿ ಲಕ್ಷ್ಮೇಶ್ವರಕ್ಕೆ ಹೋಗಿ ಎರಡು ತಿಂಗಳಾಯಿತು. ನನ್ನ ತಂಗಿ ಹುಚ್ಚವ್ವ ಬಡಿದುಕೊಡುವ ರೊಟ್ಟಿಗೆ ಮೈ ತುಂಬಿಕೊಂಡಿರಬೇಕು. ಅವಳ ಮೊಣಕಾಲು ಹೇಗಿದೆ? ಒಂದು ಕೊಡ ನೀರನ್ನಾದರೂ ಎತ್ತಿಕೊಡುತ್ತೀಯೋ, ಅದನ್ನೂ ಅವಳೇ ಹೊರಬೇಕೋ? ಫೋನಿನಲ್ಲಿ ಬೈದರೆ ನಡುವೆಯೇ ಕತ್ತರಿಸುತ್ತೀಯ. ಅದಕ್ಕೇ ಈ ಪತ್ರ. ಕೊನೆಯ ಸಾಲಿನವರೆಗೆ ನಿಂತು ಓದು.

ಗುರುವಾರ ಸರ್ಕಾರದ ಸಮೀಕ್ಷೆಯವಳು ಬಂದಿದ್ದಳು, ಆಯೇಶಾ ಎಂಬ ಹುಡುಗಿ. ಹಿಂದಿನ ಏಳು ದಿನ ಮನೆಯಲ್ಲಿ ಯಾರು ಏನು ಕೆಲಸ ಮಾಡಿದರು ಎಂದು ಕೇಳಿದಳು. ನಾನು ರಂಗದ ನಡುವೆ ನಿಂತವನಂತೆ ಎದೆ ಸೆಟೆಸಿದೆ. ದುಡಿಯುವವರು ಗಂಡಸರು, ನಾನು ಮತ್ತು ನನ್ನ ಮಗ. ಸೊಸೆ ಮನೆಯಲ್ಲಿರುತ್ತಾಳೆ ಎಂದೆ. ಆ ಹುಡುಗಿಗೆ ಕೇಳಿಸಲಿಲ್ಲ. ಬಯಲಾಟದಲ್ಲಿ ಮೈಕಿಲ್ಲದೆ ಕಟ್ಟಕಡೆಯ ಚಾಪೆಯವರನ್ನು ಬೆಚ್ಚಿಬೀಳಿಸುತ್ತಿದ್ದ ನನ್ನ ಕಂಠ ಒಳಗಿನ ಮಗ್ಗದ ಸದ್ದಿನಲ್ಲಿ ಮುಳುಗಿಹೋಗಿತ್ತು. ಸಿಟ್ಟಿನಿಂದ ಒಳಕ್ಕೆ ಕೂಗಿದೆ:

“ನೀಲಾ, ಮಗ್ಗ ನಿಲ್ಲಸವಾ. ನೀ ಏನೂ ಮಾಡಂಗಿಲ್ಲಂತ ಬರಸಾಕತ್ತೇನಿ.”

ಸದ್ದು ನಿಂತಿತು. ಟ್ಯಾಬಿನ ಮೇಲೆ ಆಯೇಶಾಳ ಬೆರಳೂ ನಿಂತಿತು. ನಿನ್ನ ಹೆಂಡತಿ ಕೂದಲಿಗಂಟಿದ ನೂಲಿನ ಧೂಳನ್ನೂ ಒರೆಸಿಕೊಳ್ಳದೆ ಹೊಸ್ತಿಲಿಗೆ ಬಂದಳು.

“ಬರಸ್ರಿ ಮಾವಾರ. ಸೋಮವಾರ ಮಗ್ಗ ಹ್ವಾದ ಮ್ಯಾಲ ಅದು ಖರೇನ ಆಗತೈತಿ.”

ಲೇ ಹೊನ್ನೇಶ, ಬೈಕಿನ ಆಸೆಗೆ ಮಗ್ಗವನ್ನು ಮುಳಗುಂದದ ಬುಡ್ಡೇಸಾಬನಿಗೆ ಮಾರಲು ಮಾತಾಡಿದವನು ನೀನು. ‘ಸುಮ್ಮನ ಜಾಗಾ ಹಿಡದೈತಿ’ ಎಂದು ನೀನು ಫೋನಿನಲ್ಲಿ ಅಂದಾಗ ಹೂಂ ಅಂದವನು ನಾನು. ನಿನ್ನ ಅವ್ವ ಮೂವತ್ತು ವರ್ಷ ನನ್ನ ಲಾಳಿಗೆ ನೂಲಿನ ಕಂಡಿಕೆ ಸುತ್ತಿದಳು. ಬಂದಬಂದ ಗಣತಿಯವರಿಗೆಲ್ಲ ಅವಳು ಮನೆಯಲ್ಲಿರುತ್ತಾಳೆ ಎಂದೇ ಬರೆಸಿದೆ. ಹಾಗೆಯೇ ಹೋದಳು.

ನೀಲಾಳನ್ನು ಆಯೇಶಾ ನೇಕಾರಳೆಂದು ಬರೆದುಕೊಂಡಳು, ಏಳಕ್ಕೆ ಏಳು ದಿನ. ರೊಟ್ಟಿ, ನೀರು, ನನ್ನ ಔಷಧಿಗೆ ಆ ಟ್ಯಾಬಿನಲ್ಲಿ ಕೆಲಸವೆಂಬ ಹೆಸರಿಲ್ಲವಂತೆ. ಆ ಜಗಳ ಬೇರೆ ಇದೆ. ಆಮೇಲೆ ನಿನ್ನ ಸರದಿ. ಎಲ್ಲೆಲ್ಲಿ ಅರ್ಜಿ ಹಾಕಿದ್ದಾನೆ, ಯಾರನ್ನು ಕೇಳಿದ್ದಾನೆ ಎಂದಳು. ಗತ್ತಿನಿಂದ ಹುಚ್ಚವ್ವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. “ಅಂವ ಏಳೋದ ಹತ್ತಕ್ಕ, ಅಣ್ಣಾ. ಎದ್ದ ಮ್ಯಾಲ ಮೊಬೈಲ್ ಹಿಡದು ಮತ್ತ ಮಲಗತಾನ.” ಓಣಿಗೆಲ್ಲ ಕೇಳಿಸಿತು. ಮಗ ನಿರುದ್ಯೋಗಿಯೆಂದಾದರೂ ಬರೆದುಕೋ ತಾಯಿ ಎಂದು ಆಯೇಶಾಳನ್ನು ಬೇಡಿಕೊಂಡೆ.

“ಅದೂ ಬರಂಗಿಲ್ರಿ ಅಜ್ಜಾರ. ಕೆಲಸ ಹುಡುಕಿದವ್ರಿಗಷ್ಟ ಆ ಹೆಸರು.”

ಕೇಳಿದೆಯಾ? ಆ ಪದವಿಗೂ ನೀನು ಅರ್ಹನಲ್ಲ.

ಈ ಸಲದ ಆಶೀರ್ವಾದವೆಲ್ಲ ಹುಚ್ಚವ್ವನಿಗೆ. ನಿನಗೆ ಉಳಿದಿಲ್ಲ.

ಇಂತು ನಿನ್ನನ್ನು ಹೆತ್ತ ತಪ್ಪಿಗೆ,
ಗೋಣೆಪ್ಪ

ತಾ.ಕ.: ಸೋಮವಾರ, ಅವಸರದಲ್ಲಿ. ಬುಡ್ಡೇಸಾಬ ಗಾಡಿ ತಂದಿದ್ದ. ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತುಬಿಟ್ಟೆ. “ಮಗ್ಗ ಬಿಚ್ಚಬಹುದ್ರಿ, ನಿಮ್ಮನ್ನ ಯಾರ ಬಿಚ್ಚಬೇಕು?” ಎಂದು ನಕ್ಕು ಹೊರಟುಹೋದ. ಇನ್ನು ಮಗ್ಗ ನೀಲಾಳದು. ನಾನು ಅವಳಿಗೆ ಕಂಡಿಕೆ ಸುತ್ತುತ್ತಿದ್ದೇನೆ. ಮುಂದಿನ ತಿಂಗಳು ಇದೇ ಸಮೀಕ್ಷೆಗೆ ಆಯೇಶಾ ಮತ್ತೆ ಬರುತ್ತಾಳೆ. ನನ್ನ ಹೆಸರಿನ ಮುಂದೆ ‘ಸೊಸೆಗೆ ಸಹಾಯಕ’ ಎಂದು ಬರೆಸುತ್ತೇನೆ. ಮಾರುವ ಮಾತು ಹೊತ್ತು ನೀನು ಬಂದರೆ ಬಾಗಿಲಲ್ಲಿ ನಿಂತು ಎಷ್ಟಾದರೂ ಕೂಗು. ನನಗೆ ಕೇಳಿಸುವುದಿಲ್ಲ. ಈ ಸಲ ಮಗ್ಗ ನಿಲ್ಲಿಸು ಎಂದು ನಾನು ಹೇಳುವುದಿಲ್ಲ.