ಕಣ್ಣಳತೆಯ ಕತ್ತೆ

ಜನವರಿ 31, ಸಂಜೆ

ಮತ್ತೆ ಹೋಮ್‌ವರ್ಕ್. ಅರವತ್ತಾರರ ಹೆಂಡತಿಗೆ ಹೋಮ್‌ವರ್ಕ್, ಎಪ್ಪತ್ತೊಂದರ ಗಂಡನಿಗೆ ತಲೆನೋವು. ಲೈಬ್ರರಿಯ ಮಹಡಿಯಲ್ಲಿ ವಾರಕ್ಕೆ ಮೂರು ದಿನ ಇಂಗ್ಲಿಷ್ ಕ್ಲಾಸು. ಕಲಿಸುವವನು ರಿಟೈರ್ಡ್ ಬ್ಯಾಂಕ್ ಆಫೀಸರ್. ಈ ಸೆಕೆಯಲ್ಲೂ ಟೈ ಕಟ್ಟಿಕೊಂಡು ಬರುತ್ತಾನಂತೆ. ಕುತ್ತಿಗೆ ಬಿಗಿದರೆ ಇಂಗ್ಲಿಷ್ ತಾನಾಗಿಯೇ ಹೊರಗೆ ಬೀಳುತ್ತದೆ ಅಂತ ಇರಬೇಕು.

ಇವತ್ತಿನ ಪಾಠ 'ವಿದಿನ್ ಸೈಟ್'. ಕಣ್ಣಿಗೆ ಕಾಣುವಷ್ಟು ಹತ್ತಿರ ಅಂತ ಅರ್ಥ. ಕಣ್ಣಳತೆ. ಅಜ್ಜಿ ಒಂದೇ ಮಾತಲ್ಲಿ ಹೇಳುತ್ತಿದ್ದಳು, ಇವರಿಗೆ ಎರಡು ಬೇಕು. ಸೈಟು ಕೊಳ್ಳುವ ಯೋಗ್ಯತೆ ಆ ಕ್ಲಾಸಲ್ಲಿ ಒಬ್ಬರಿಗೂ ಇಲ್ಲ, ಪಾಠ ಮಾತ್ರ ಸೈಟಿನದು.

"ರೀ, ಒಂದು ವಾಕ್ಯ ಹೇಳ್ರೀ."

"ಪುಸ್ತಕದಲ್ಲಿ ಏನಿದೆ?"

"ಹಡಗು ದಡದ ವಿದಿನ್ ಸೈಟ್ ಇದೆ ಅಂತ."

"ಹಡಗು ನೋಡಿದ್ದೀಯಾ ನೀನು?"

"ನಿಮ್ಮನ್ನ ನೋಡಿದ್ದೀನಲ್ಲ, ತೂತು ಬಿದ್ದ ಹಡಗು."

ಕಿಟಕಿಯಾಚೆ ನೋಡಿದೆ. ಎದುರು ಬಿಲ್ಡಿಂಗು, ಎರಡನೇ ಮಹಡಿ, ನಮ್ಮ ಮಟ್ಟಕ್ಕೇ. ನಾನು ಕೊಂಬು ಅನ್ನುವವನು ಬಾಲ್ಕನಿಯಲ್ಲಿ ಬನಿಯನ್ನು ಹಿಂಡುತ್ತಿದ್ದ. ಸಿಕ್ಕಿತು ವಾಕ್ಯ. 'ಎ ಡಾಂಕಿ ಈಸ್ ವಿದಿನ್ ಸೈಟ್ ಆಫ್ ಮೈ ವಿಂಡೋ.' ನನ್ನ ಕಿಟಕಿಯ ಕಣ್ಣಳತೆಯಲ್ಲೇ ಒಂದು ಕತ್ತೆ. ಇವಳೂ ಒಮ್ಮೆ ಆಚೆ ನೋಡಿದಳು. ತುಟಿ ಕಚ್ಚಿಕೊಂಡು ಬರೆದಳು.

ಕೊಂಬು ನನ್ನ ತಮ್ಮ. ಮೂವತ್ತು ವರ್ಷ ಒಂದೇ ಅಂಗಡಿಯಲ್ಲಿ ಬೋರ್ಡು ಬರೆದೆವು. ಎಲ್ಲ ಅಕ್ಷರಕ್ಕೂ ಉದ್ದುದ್ದ ಕೊಂಬು ಎಳೆಯುತ್ತಿದ್ದ. ಆಮೇಲೆ ಅವನಿಗೇ ಕೊಂಬು ಬಂತು. ಹನ್ನೊಂದು ವರ್ಷದಿಂದ ಮಾತಿಲ್ಲ. ಕೂಗಳತೆಯಲ್ಲೇ ಇದ್ದಾನೆ... ಕೂಗೋರು ಯಾರು?

ಫೆಬ್ರವರಿ 5

ಇವಳು ಕ್ಲಾಸಿಂದ ಬಂದವಳೇ ಪುಸ್ತಕ ಎಸೆದಳು. ನಗು ತಡೆಯೋಕೂ ಆಗುತ್ತಿಲ್ಲ, ಸಿಟ್ಟು ಬಿಡೋಕೂ ಮನಸ್ಸಿಲ್ಲ.

ನನಗೆ ಗೊತ್ತಿರಲಿಲ್ಲ — ಗೊತ್ತಿತ್ತು, ಮರೆತಂತೆ ಇದ್ದೆ — ತಮ್ಮನ ಹೆಂಡತಿಯೂ ಅದೇ ಕ್ಲಾಸು, ಅದೇ ಬೆಂಚು. ಗಂಡಂದಿರು ಮಾತು ಬಿಟ್ಟರೆ ವಾರಗಿತ್ತಿಯರು ಬಿಡಬೇಕಂತ ಎಲ್ಲಿದೆ? ಹೋದ ಸಲ ಇವಳು ನನ್ನ ಕತ್ತೆಯನ್ನು ಓದಿದ್ದು ಕೇಳಿ, ಮನೆಗೆ ಹೋಗಿ ವರದಿ ಒಪ್ಪಿಸಿದ್ದಾಳೆ. ಇವತ್ತು ಎದ್ದು ನಿಂತು ಓದಿದಳಂತೆ: 'ಟೂ ಡಾಂಕೀಸ್ ಆರ್ ವಿದಿನ್ ಸೈಟ್ ಆಫ್ ಈಚ್ ಅದರ್, ಬಟ್ ಓನ್ಲಿ ದಿ ಎಲ್ಡರ್ ಬ್ರೇಸ್ ಇನ್ ಇಂಗ್ಲಿಷ್.'

ಎದುರುಬದುರು ಎರಡು ಕತ್ತೆ, ಇಂಗ್ಲಿಷಿನಲ್ಲಿ ಅರಚುವುದು ಮಾತ್ರ ದೊಡ್ಡದು.

ಕ್ಲಾಸು ಚಪ್ಪಾಳೆ ಹೊಡೆಯಿತಂತೆ. ಟೈ ಮೇಷ್ಟ್ರು, "ವೆರಿ ಗುಡ್, ಕಾಂಪೌಂಡ್ ಸೆಂಟೆನ್ಸ್" ಅಂದನಂತೆ. ಮನೆ ಹೊತ್ತಿ ಉರಿದರೂ ಅವನಿಗೆ ಕಾಣೋದು ವ್ಯಾಕರಣ.

ಇದು ಅವಳ ವಾಕ್ಯವಲ್ಲ. ಆ ಪಾಪದವಳಿಗೆ 'ಡಾಂಕಿ' ಸ್ಪೆಲ್ಲಿಂಗೂ ಬರದು. ಕೊಂಬು ಬರೆದುಕೊಟ್ಟಿದ್ದಾನೆ. ಹನ್ನೊಂದು ವರ್ಷಕ್ಕೆ ಬಾಯಿ ಬಿಟ್ಟ, ಅದೂ ಬೇರೆಯವರ ಬಾಯಿ.

ಫೆಬ್ರವರಿ 7

ಉತ್ತರ ಕಳಿಸಿದೆ: 'ಹಿಸ್ ವೆಸ್ಟ್ ಈಸ್ ವಿದಿನ್ ಸೈಟ್. ಸೋ ಆರ್ ಇಟ್ಸ್ ಸೆವೆನ್ ಹೋಲ್ಸ್.' ಬನಿಯನ್ನೂ ಕಾಣುತ್ತದೆ, ಅದರ ಏಳು ತೂತೂ ಕಾಣುತ್ತವೆ. ಎಣಿಸಿಯೇ ಬರೆದದ್ದು. ಸುಳ್ಳು ನನಗೆ ಆಗದು.

ಮಧ್ಯಾಹ್ನ ಕ್ಲಾಸು ಮುಗಿಸಿ, ವಾರಗಿತ್ತಿಯ ಮನೆ ಹೊಕ್ಕು ಇವಳು ತಂದ ಜವಾಬು: ತೂತು ಎಣಿಸುವವನ ಬೋಳುತಲೆ ಬಿಸಿಲಿಗೆ ಹೊಳೆದು ನಮ್ಮ ಹಾಲಿಗೆಲ್ಲ ಬೆಳಕು, ದೀಪ ಹಾಕುವುದೇ ಬೇಡ.

ಥೂ. ಚೆನ್ನಾಗಿದೆ.

ಫೆಬ್ರವರಿ 10

ಇವತ್ತು ಇವಳು ನಗಲಿಲ್ಲ. ಚೀಟಿ ಟೇಬಲ್ ಮೇಲಿಟ್ಟು ಅಡುಗೆಮನೆಗೆ ಹೋದಳು. ಅವನದೇ ಅಕ್ಷರ, ಈ ಸಲ ಬಚ್ಚಿಟ್ಟೂ ಇಲ್ಲ.

'ದಿ ವೆಡಿಂಗ್ ಹಾಲ್ ವಾಸ್ ವಿದಿನ್ ಸೈಟ್. ಬಟ್ ಎ ಬೋರ್ಡ್ ಸೆಂಟ್ ದೆಮ್ ಅವೇ.' ಮದುವೆ ಹಾಲು ಕಣ್ಣಳತೆಯಲ್ಲೇ ಇತ್ತು, ಒಂದು ಬೋರ್ಡು ಅವರನ್ನು ಆಚೆಗೆ ಕಳಿಸಿತು.

ವಾರಗಿತ್ತಿ ಓದಿದಾಗ ಮೇಷ್ಟ್ರು "ಪಾಸ್ಟ್ ಟೆನ್ಸ್, ಎಕ್ಸಲೆಂಟ್" ಅಂದನಂತೆ.

ಬರೆದೇ ಬಿಡುತ್ತೇನೆ, ಯಾರು ಓದಬೇಕು ಇದನ್ನು? ಹನ್ನೊಂದು ವರ್ಷದ ಹಿಂದೆ, ಅವನ ಮಗಳ ಮದುವೆ. ಬೆಳಿಗ್ಗೆ ನಾನೇ ಒಂದು ಬೋರ್ಡು ಬರೆದು ಹಾಲಿನ ಗೇಟಿಗೆ ಕಟ್ಟಿದೆ: 'ಮದುವೆ ಪಕ್ಕದ ಬೀದಿಗೆ ಬದಲಾಗಿದೆ.' ಹತ್ತು ನಿಮಿಷದ ತಮಾಷೆ. ಗಂಡಿನವರು ಎರಡು ಬಸ್ಸಲ್ಲಿ ಬಂದು, ಬೋರ್ಡು ನೋಡಿ, ಪಕ್ಕದ ಬೀದಿ, ಅದರ ಪಕ್ಕದ ಬೀದಿ... ಒಂದೂವರೆ ಗಂಟೆ ಸುತ್ತಿದರು. ಬೇಕಂತಲೇ ಅವಮಾನ ಮಾಡಿದ್ದೀರಿ ಅಂತ ಗಂಡಿನ ಅಪ್ಪ ನಡುರಸ್ತೆಯಲ್ಲಿ ಹಾರಾಡಿದ. ತಮ್ಮ ಕೈ ಮುಗಿದುಕೊಂಡು ನಿಂತಿದ್ದ. ಒಳಗೆ ಹುಡುಗಿ ಅಳುತ್ತಿದ್ದಳು. ಮದುವೆ ಆಯಿತು, ಏನೋ ಆಯಿತು.

ಸಂಜೆ ಬಂದು ಕೇಳಿದ. "ಅಣ್ಣಾ, ನೀನಾ?"

ನಾನು ಅಂದೆ, "ಅಕ್ಷರ ಚೆನ್ನಾಗಿತ್ತಾ?"

ಅಷ್ಟೇ. ಕೊನೆ ಮಾತು ಅದು.

ಹತ್ತು ನಿಮಿಷದ್ದಕ್ಕೆ ಹನ್ನೊಂದು ವರ್ಷ ಬಡ್ಡಿ! ತಮಾಷೆ ತಡೆಯೋಕಾಗದವನು ನನ್ನ ತಮ್ಮನಾಗಿ ಯಾಕೆ ಹುಟ್ಟಬೇಕಿತ್ತು?

ಫೆಬ್ರವರಿ 19

ಒಂಬತ್ತು ದಿನ ಏನೂ ಬರೆದಿಲ್ಲ. ಬರೆಯೋಕೆ ಏನೂ ಆಗಿಲ್ಲ. ಇವಳು ಹೋಮ್‌ವರ್ಕ್ ಇಲ್ಲದೇ ಕ್ಲಾಸಿಗೆ ಹೋಗುತ್ತಾಳೆ.

ಊಟಕ್ಕೆ ಮುಂಚೆ ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ ತುಂಬಿಟ್ಟಿದ್ದೆ. ಇವಳು ರುಚಿ ನೋಡಿದಳು, ತಟ್ಟೆ ಸರಿಸಿದಳು.

"ನಿಮ್ಮ ತಮಾಷೆಗೆ ನಗೋರು ಅಂತ ಇದ್ದಿದ್ದು ಒಬ್ಬರೇ. ಅವರನ್ನೇ ಕಳ್ಕೊಂಡ್ರಿ. ಈಗ ನನ್ನ ಹಿಡ್ಕೊಂಡ್ರೆ?"

ಹೆಂಗಸರಿಗೆ ಹಾಸ್ಯಪ್ರಜ್ಞೆ ಕಡಿಮೆ. ಗಂಡಸರಿಗೆ ಅದೂ ಇಲ್ಲ.

ಫೆಬ್ರವರಿ 21

ವಾರಗಿತ್ತಿ ಇವತ್ತು ಓದಿದ್ದು: 'ಫ್ರಮ್ ಅವರ್ ನ್ಯೂ ಹೌಸ್, ನೋ ಡಾಂಕಿ ವಿಲ್ ಬಿ ವಿದಿನ್ ಸೈಟ್.'

ನಮ್ಮ ಹೊಸ ಮನೆಯಿಂದ ಯಾವ ಕತ್ತೆಯೂ ಕಾಣುವುದಿಲ್ಲ.

ಹೊಸ ಮನೆ? ಇವಳಿಗೆ ವಾರದಿಂದಲೇ ಗೊತ್ತು. ಮಗಳ ಊರಿಗೆ ಹೋಗುತ್ತಿದ್ದಾರೆ, ಅಲ್ಲಿಯೇ ಇರೋದಕ್ಕೆ. ಇಪ್ಪತ್ತೆಂಟಕ್ಕೆ ಲಾರಿ. ಓದುತ್ತಾ ವಾರಗಿತ್ತಿ 'ನ್ಯೂ ಹೌಸ್' ಹತ್ತಿರ ಎರಡು ಸಲ ತಡವರಿಸಿದಳಂತೆ. ಮೇಷ್ಟ್ರು "ಫ್ಯೂಚರ್ ಟೆನ್ಸ್ ಕರೆಕ್ಟ್, ಉಚ್ಚಾರಣೆ ಸ್ವಲ್ಪ ಸರಿಮಾಡ್ಕೊಳ್ಳಿ" ಅಂದನಂತೆ. ಅವನ ಟೈಯನ್ನು ಫ್ಯಾನಿಗೆ ಕಟ್ಟಬೇಕು.

"ಒಂದು ವಾರದಿಂದ ಗೊತ್ತಿದ್ದೂ ಹೇಳಲಿಲ್ವಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಇನ್ನೊಂದು ಬೋರ್ಡ್ ಬರೀತಿದ್ರಾ?"

ಫೆಬ್ರವರಿ 22

ಹೋಗಲಿ. ಪೀಡೆ ತೊಲಗಿತು. ಆ ಮನೆಗೆ ಯಾರಾದರೂ ಮನುಷ್ಯರು ಬರಲಿ. ಬನಿಯನ್ನು ಒಗೆಯುವವರು, ನೇತುಹಾಕದವರು.

ಫೆಬ್ರವರಿ 24

ಬೆಳಿಗ್ಗೆ ಅವನು ಬಾಲ್ಕನಿಯ ಹಗ್ಗ ಬಿಚ್ಚಿದ. ಗಂಟು ಬಿಚ್ಚಲು ಎಷ್ಟು ಹೊತ್ತು! ಕೈ ನಡುಗುತ್ತದೆ ಈಚೆಗೆ. ಬ್ರಶ್ಶು ಹಿಡಿದರೆ ಕೂದಲೆಳೆ ಗೀಟು ಎಳೆಯುತ್ತಿದ್ದ ಕೈ. ಕತ್ತರಿಸೋ ಮುಠ್ಠಾಳ, ಹಗ್ಗವೇನು ಬಂಗಾರದ್ದಾ... ಕಿಟಕಿ ಮುಚ್ಚಿದೆ. ಮತ್ತೆ ತೆಗೆದೆ, ಸೆಕೆ.

ಫೆಬ್ರವರಿ 26

ವಾರಗಿತ್ತಿಗೆ ಇವತ್ತು ಕೊನೇ ಕ್ಲಾಸು. ಕಳಿಸಲು ಒಂದು ವಾಕ್ಯ ಬರೆಯೋಣ ಅಂತ ಕೂತೆ.

'ಸಾರಿ ಈಸ್ ವಿದಿನ್ ಸೈಟ್, ಬಟ್ ನಾಟ್ ವಿದಿನ್ ಮೌತ್.' ಹೊಡೆದು ಹಾಕಿದೆ. ಜಾಣತನ.

'ದಿ ಎಲ್ಡರ್ ಡಾಂಕಿ...' ಹೊಡೆದು ಹಾಕಿದೆ. ಕತ್ತೆಯ ಹಿಂದೆ ಎಷ್ಟು ದಿನ ಅಡಗಿಕೊಳ್ಳಲಿ?

ಮೂರನೆಯದು ಸ್ವಲ್ಪ ಸರಿ ಇತ್ತು. ಇವಳ ಕೈಗೆ ಕೊಟ್ಟೆ. ಓದಲೂ ಇಲ್ಲ, ಮಡಚಿ ನನ್ನ ಜೇಬಿಗೇ ತುರುಕಿದಳು.

"ನಾನೇನು ನಿಮ್ಮ ಪೋಸ್ಟ್‌ಮ್ಯಾನಾ? ರಸ್ತೆ ದಾಟೋಕೆ ಇಂಗ್ಲಿಷ್ ಬೇಕೇನ್ರೀ?"

ಫೆಬ್ರವರಿ 27

ಮಧ್ಯಾಹ್ನ ಇಳಿದೆ. ರಸ್ತೆ ದಾಟಿದೆ. ಅವನ ಬಿಲ್ಡಿಂಗಿನ ಮೆಟ್ಟಿಲು ಹನ್ನೆರಡು ಹತ್ತಿದೆ. ತಿರುವಲ್ಲಿ ನಿಂತೆ. ಮೇಲೆ ಟೇಪು ಹರಿಯುವ ಸದ್ದು, ಡಬ್ಬ ಕಟ್ಟುತ್ತಿದ್ದರು. ಅವನು ಕೆಮ್ಮಿದ.

ಹಿಂದಕ್ಕೆ ಬಂದೆ. ಬರುವಾಗ ಬೇಡದ ಸೋಪೊಂದು ತಂದೆ, ಕೇಳಿದರೆ ತೋರಿಸಲಿಕ್ಕೆ. ಇವಳು ಕೇಳಲೇ ಇಲ್ಲ. ಸೋಪನ್ನು ನೋಡಿದಳು, ನನ್ನನ್ನು ನೋಡಿದಳು.

ಊರಿನವರನ್ನೆಲ್ಲ ಹೆದರಿಸಿದ ಹುಲಿ, ಕೆಮ್ಮಿಗೆ ಹೆದರಿ ಬಂತು. ಥೂ ನನ್ನ ಜನ್ಮಕ್ಕೆ.

ಫೆಬ್ರವರಿ 28, ಬೆಳಿಗ್ಗೆ ಹತ್ತು

ಲಾರಿ ಬಂದಿದೆ. ಬೀರು ಇಳಿಸುತ್ತಿದ್ದಾರೆ. ಇವಳು ಬೆಳಿಗ್ಗೆಯೇ ಅಲ್ಲಿಗೆ ಹೋದಳು, ಪಾತ್ರೆ ಕಟ್ಟಿಕೊಡಲು. "ಬರ್ತೀರಾ?" ಅಂತಲೂ ಕೇಳಲಿಲ್ಲ. ನಾನು ಕಿಟಕಿ ಹತ್ತಿರ. ಬರೆಯುತ್ತಿದ್ದರೆ ನೋಡುತ್ತಿಲ್ಲ ಅಂತ ಅರ್ಥ.

ಹತ್ತೂ ನಲವತ್ತು

ಮುಕ್ಕಾಲು ತುಂಬಿತು. ಕೊಂಬು ಕೆಳಗೆ ಇಳಿದ. ಕೈಯಲ್ಲೊಂದು ಮರದ ಕುರ್ಚಿ. ಲಾರಿಗೆ ಕೊಡಲಿಲ್ಲ. ಫುಟ್‌ಪಾತ್ ಮೇಲೆ ಹಾಕಿಕೊಂಡು ಕೂತ, ಮುಖ ಈ ಕಡೆಗೆ. ಹಮಾಲಿ ಬಂದು ಕುರ್ಚಿ ಕೇಳಿದ. ಏಳಲಿಲ್ಲ. ವಾರಗಿತ್ತಿ ಬಂದು ಏನೋ ಅಂದಳು. ಏಳಲಿಲ್ಲ. ನಾಟಕದವನು! ಡ್ರೈವರ್ ಹಾರ್ನ್ ಒತ್ತುತ್ತಿದ್ದಾನೆ.

ತಲೆ ಎತ್ತಿ ನೋಡುತ್ತಿದ್ದಾನೆ. ನೇರವಾಗಿ. ಕಣ್ಣು ತಗ್ಗಿಸುತ್ತಿಲ್ಲ.

ಈಗ ಎದ್ದ. ಲಾರಿಯೊಳಗಿಂದ ಇನ್ನೊಂದು ಕುರ್ಚಿ ಎಳೆದ, ತಾನೇ, ಆ ನಡುಗೋ ಕೈಯಲ್ಲಿ. ಎದುರಿಗೆ ಇಟ್ಟ. ಟವೆಲ್ಲಿನಿಂದ ಒರೆಸುತ್ತಿದ್ದಾನೆ.

ಮುಠ್ಠಾಳ. ಹನ್ನೊಂದು ವರ್ಷ ಬೇಕಾಯಿತಾ ಎರಡು ಕುರ್ಚಿ ಹಾಕೋಕೆ... ನನಗೂ ಬೇಕಾ—

ಎಲ್ಲಿ ಹೋಯಿತು ನನ್ನ ಚಪ್ಪ—