ಬ್ಯಾಟರಿ ತುಂಬುವ ಟರ್ಬೈನ್

ಮೇಸ್ತ್ರಿಗಳೇ,

ಗಾಡಿ ಓಡಿತು ಎಂದಷ್ಟೇ ಬರೆದು ಮುಗಿಸುವವಳಿದ್ದೆ. ಓಡಿದ್ದು ನಿಮ್ಮ ಮಾತಿನಿಂದ ಎನ್ನುವುದನ್ನು ನುಂಗಿಬಿಡುತ್ತಿದ್ದೆ.

"ಮೇಡಂ, ಚಕ್ರ ತಿರುಗಿಸೋಕೆ ಮೋಟಾರಿದೆಯಲ್ಲ? ಈ ಗ್ಯಾಸ್ ಟರ್ಬೈನ್ ಒಂದೇ ವೇಗದಲ್ಲಿ ತನ್ನ ಪಾಡಿಗೆ ಬ್ಯಾಟರಿ ತುಂಬ್ಕೊಂಡಿರಲಿ ಬಿಡಿ," ಎಂದಿದ್ದಿರಿ. "ನೀವು ನಟ್ಟು ಬಿಗಿಯೋದು ನೋಡ್ಕೊಳ್ಳಿ ಮೇಸ್ತ್ರಿ," ಎಂದು ಎಲ್ಲರೆದುರು ನಕ್ಕಿದ್ದೆ. ಮರುತಿಂಗಳೇ ನೀವು ಕೆಲಸ ಬಿಟ್ಟಿರಿ. ಟರ್ಬೈನಿನ ವೇಗವನ್ನು ಗಾಡಿಯ ವೇಗಕ್ಕೆ ಹೊಂದಿಸಲು ಮೂರು ವರ್ಷ ಹೆಣಗಿ, ಕೊನೆಗೆ ನೀವು ಹೇಳಿದಂತೆಯೇ ಮಾಡಿದೆ.

ಇಂದು ಗಾಡಿಯ ಪರೀಕ್ಷೆ ಮುಗಿದಾಗ ಸಂಸ್ಥೆಯ ನಿರ್ದೇಶಕರು, "ಯಾರಿಗಮ್ಮ ಹೊಳೆದದ್ದು ಇದು?" ಎಂದರು. "ನನಗೇ ಸರ್," ಎಂದುಬಿಟ್ಟೆ. ನಾಲಿಗೆ ತಡವರಿಸಲೂ ಇಲ್ಲ.

ಪೇಟೆಂಟ್ ಅರ್ಜಿಯಲ್ಲಿ ನಿಮ್ಮ ಹೆಸರು ಸೇರಿಸಲು ಹದಿನಾಲ್ಕನೇ ತಾರೀಖಿನವರೆಗೆ ಸಮಯವಿದೆ. ಇಂದು ಹನ್ನೊಂದು. ಅಷ್ಟರೊಳಗೆ ಸುಳ್ಳು ಹೇಳಿದೆ ಎಂದು ನಿರ್ದೇಶಕರ ಮುಂದೆ ಒಪ್ಪಿಕೊಂಡು ನಿಮ್ಮ ಹೆಸರು ಸೇರಿಸುವ ಧೈರ್ಯ ಬಂದರೆ, ಈ ಪತ್ರವನ್ನು ಹದಿನೈದಕ್ಕೆ ಅಂಚೆಗೆ ಹಾಕುತ್ತೇನೆ.