ಇಲ್ಲದ ಟ್ರೇಲರಿಗೆ ಫೇಲಾದವರ ಪರವಾಗಿ

ಭಾರಿ ವಾಹನ ಚಾಲಕರ ಅರ್ಹತಾ ಮಂಡಳಿಯ ಪ್ರಾದೇಶಿಕ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಪರೀಕ್ಷಾ ಮೈದಾನದಲ್ಲಿ ಟ್ರೇಲರ್ ಇಲ್ಲ. ಇಲ್ಲದ ಆ ಟ್ರೇಲರನ್ನು ಇದೆ ಎಂದುಕೊಂಡು ಓಡಿಸಿ ಎಂದು ನಿಮ್ಮ ಪರೀಕ್ಷಕರು ನನ್ನ ಭಾವನಿಗೆ ಹೇಳಿದರು. ಭಾವ ಹಾಗೆಯೇ ಓಡಿಸಿದರು. ಅದಕ್ಕೇ ಅವರನ್ನು ಫೇಲು ಮಾಡಿದಿರಿ. ನನ್ನ ದೂರು ಇಷ್ಟೇ. ಇಷ್ಟರಲ್ಲೇ ನಿಮಗೆ ಅರ್ಥವಾಗಿದ್ದರೆ ಮುಂದಕ್ಕೆ ಓದುವ ಶ್ರಮ ಬೇಡ, ಒಂದು ಫೋನು ಮಾಡಿ ಸಾಕು. ಆದರೆ ಅರ್ಥವಾಗುವ ಲಕ್ಷಣ ಕಾಣುತ್ತಿಲ್ಲ. ಇದನ್ನೇ ಲಕೋಟೆಯಲ್ಲಿಟ್ಟು ಮೂರು ಸಲ ಕಳಿಸಿದೆ. ಮೂರು ಸಲವೂ ‘ತಮ್ಮ ಮನವಿ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು ಬಂತು. ಹಾಗಾಗಿ ಈ ಸಲ ಲಕೋಟೆ ಮುಚ್ಚದೆ, ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರು ಎಂದು ಕೇಳುತ್ತೀರಿ. ಹಿಟ್ಟಿನ ಗಿರಣಿಯಿಂದ ಬೇಕರಿಗಳಿಗೆ, ಹಾಸ್ಟೆಲುಗಳಿಗೆ, ದೊಡ್ಡಾಸ್ಪತ್ರೆಯ ಅಡುಗೆಮನೆಗೆ ಮೂಟೆ ಸಾಗಿಸುವವಳು. ನಾಲ್ಕು ಸಣ್ಣ ಲಾರಿ, ನಲವತ್ತು ಅಡಿ ಉದ್ದದ ಒಂದು ಟ್ರೇಲರ್, ಕಬ್ಬಿಣದ ಗೇಟಿನ ಒಂದು ಅಂಗಳ, ಅದರ ಮೂಲೆಯಲ್ಲಿ ತಗಡಿನ ಕಚೇರಿ. ನನಗೆ ಸ್ವತಃ ಟ್ರೇಲರ್ ಓಡಿಸಲು ಬರುವುದಿಲ್ಲ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವಷ್ಟು ಪ್ರಾಮಾಣಿಕತೆ ಮಾತ್ರ ಇದೆ. ನಿಮ್ಮ ಪ್ರಮಾಣಪತ್ರ ಹಿಡಿದು ಬಂದವರಲ್ಲಿ, ಒಬ್ಬಳನ್ನು ಬಿಟ್ಟರೆ, ನನಗೆ ಕಾಣದಿದ್ದದ್ದು ಅದೇ.

ಹೋದ ತಿಂಗಳು ಪತ್ರಿಕೆಯಲ್ಲಿ ನಿಮ್ಮ ಹೇಳಿಕೆ ಓದಿದೆ. ‘ನಮ್ಮ ಪ್ರದೇಶದಲ್ಲಿ ಚಾಲಕರ ಕೊರತೆ ಎಂಬುದು ಸುಳ್ಳು. ಈ ವರ್ಷ ಮುನ್ನೂರ ಹನ್ನೆರಡು ಅರ್ಹ ಚಾಲಕರನ್ನು ಸಿದ್ಧಪಡಿಸಿದ್ದೇವೆ. ಕೆಲಸ ಕೊಡುವವರಿಗೇ ಇಚ್ಛಾಶಕ್ತಿಯಿಲ್ಲ.’ ಪಕ್ಕದಲ್ಲಿ ನಿಮ್ಮ ಫೋಟೋ. ರಿಬ್ಬನ್ನು ಕಟ್ಟಿದ, ಟ್ರೇಲರ್ ಎಳೆಯುವ ಎಂಜಿನ್ ಗಾಡಿಯ ಮುಂದೆ ನಗುತ್ತ ನಿಂತಿದ್ದೀರಿ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಫೋಟೋದಲ್ಲೂ ಗಾಡಿಯ ಹಿಂದೆ ಟ್ರೇಲರ್ ಇರಲಿಲ್ಲ. ಅದನ್ನೂ ಓದುಗರೇ ಇದೆ ಎಂದುಕೊಳ್ಳಬೇಕಿತ್ತೇನೋ!

ಸರಿ, ಇಚ್ಛಾಶಕ್ತಿ ಇಲ್ಲ ಎನಿಸಿಕೊಳ್ಳುವುದು ಯಾಕೆ ಎಂದು ನಿಮ್ಮ ಪಟ್ಟಿಯಿಂದಲೇ ಒಂಬತ್ತು ಜನರನ್ನು ಕರೆಸಿದೆ. ನನ್ನ ಪರೀಕ್ಷೆ ದೊಡ್ಡದೇನಲ್ಲ. ಅಂಗಳದಲ್ಲಿ ನಿಂತ ಟ್ರೇಲರನ್ನು ಹಿಂದಕ್ಕೆ ತೆಗೆದುಕೊಂಡು ಗೇಟು ದಾಟಿಸಿ ರಸ್ತೆಗೆ ನಿಲ್ಲಿಸಬೇಕು. ಗಿರಣಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ. ಮೊದಲನೆಯವನು ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡು ಬಂದಿದ್ದ. ಟ್ರೇಲರನ್ನು ಒಂದು ಸುತ್ತು ಹಾಕಿ ಬಂದು, “ಮೇಡಂ, ಇದು ಇಷ್ಟುದ್ದ ಇರತ್ತಾ?” ಎಂದ. ಎರಡನೆಯವನು ಹತ್ತಿ ಕೂತು ಐದು ನಿಮಿಷ ಸ್ಟೀರಿಂಗ್ ಅಲ್ಲಾಡಿಸಿ, ತಲೆ ಹೊರಗೆ ಹಾಕಿ, “ಹಿಂದಿಂದು ಬಿಚ್ಚಿಸ್ಬಿಡಿ ಮೇಡಂ, ಆಮೇಲೆ ನೋಡಿ ಹೆಂಗೆ ತೆಗೀತೀನಿ!” ಎಂದ. ಹಿಂದಿನದು ಬಿಚ್ಚಿದ ಮೇಲೆ ನಾನು ಹಿಟ್ಟಿನ ಮೂಟೆಯನ್ನು ಅವನ ತಲೆಯ ಮೇಲೆ ಹೊರಿಸಿ ಕಳಿಸಲೇ? ಮೂರನೆಯವನು ಗೇಟಿನ ಕಂಬಕ್ಕೆ ಗುದ್ದಿದ. ನನ್ನ ಅಪ್ಪ ನಿಂತು ಹಾಕಿಸಿದ ಕಂಬ ಅದು, ಇವತ್ತಿಗೂ ವಾಲಿಕೊಂಡೇ ಇದೆ. ಗುದ್ದಿದವನು ಇಳಿದು ಬಂದು ಹೇಳಿದ್ದು ಏನು ಗೊತ್ತೇ? “ಕಂಬ ಹತ್ರ ಇದೆ ಮೇಡಂ.” ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಿಮ್ಮ ಮಂಡಳಿ ಅವಳಿಗೂ ಒಂದು ಪ್ರಮಾಣಪತ್ರ ಕೊಟ್ಟು ಕಳಿಸುತ್ತಿತ್ತು.

ಅವರನ್ನು ಬೈದು ಏನು ಬಂತು? ಹೊಟ್ಟೆಪಾಡಿಗೆ ಬಂದ ಮಕ್ಕಳು. ಅವರಿಗೆ ಯಾರೂ ಟ್ರೇಲರನ್ನು ತೋರಿಸಿಯೇ ಇಲ್ಲ. ಆರು ವರ್ಷದಿಂದ ನಿಮ್ಮಲ್ಲಿ ‘ಖರೀದಿಯ ಕಡತ ಚಾಲ್ತಿಯಲ್ಲಿದೆ’. ಕಡತ ಒಂದೇ ನಿಮ್ಮ ಮೈದಾನದಲ್ಲಿ ಸರಾಗವಾಗಿ ಚಲಿಸುವ ಭಾರಿ ವಾಹನ ಎಂದು ಕಾಣುತ್ತದೆ.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ಅಕ್ಕನ ಗಂಡ. ಇಪ್ಪತ್ತೊಂಬತ್ತು ವರ್ಷದಿಂದ ನಮ್ಮ ಟ್ರೇಲರ್ ಅವರ ಕೈಯಲ್ಲೇ ಇತ್ತು. ಗಿರಣಿಯ ಹಮಾಲರು ಅವರನ್ನು ಮೆಲ್ಲಗಣ್ಣ ಎಂದು ಕರೆಯುತ್ತಾರೆ, ಯಾರು ಅವಸರ ಮಾಡಿದರೂ “ಮೆಲ್ಲಗೆ, ಮೆಲ್ಲಗೆ” ಎನ್ನುವುದು ಬಿಟ್ಟರೆ ಅವರ ಬಾಯಲ್ಲಿ ಹೆಚ್ಚು ಮಾತಿಲ್ಲ. ಒಂದು ಸಲ ಕಾಲುವೆ ಏರಿಯ ರಸ್ತೆಯಲ್ಲಿ ಹೋಗುತ್ತಿದ್ದಾಗ ಮುಂದಿನ ಸೇತುವೆ ಕುಸಿದಿತ್ತು. ತಿರುಗಿಸಲು ಜಾಗವಿಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ತುಂಬಿದ ಟ್ರೇಲರನ್ನು ಒಂದೂವರೆ ಕಿಲೋಮೀಟರ್ ಹಿಮ್ಮುಖವಾಗಿ ತಂದರು. ಹದಿನೇಳು ಸಲ ಇಳಿದು, ಹಿಂದಕ್ಕೆ ನಡೆದು, ಹಿಂದಿನ ಚಕ್ರ ಎಲ್ಲಿದೆ ಎಂದು ಕಣ್ಣಾರೆ ನೋಡಿ ಬಂದರು. ಹಿಂದಿದ್ದ ಕಾರಿನವರು ಹಾರ್ನು ಬಾರಿಸಿ ಬಾಯಿಗೆ ಬಂದ ಹಾಗೆ ಬೈದರು. ಇವರು ಹದಿನೇಳನೆಯ ಸಲವೂ ಇಳಿದೇ ನೋಡಿದರು. ಮೂರು ಗಂಟೆ ಹಿಡಿಯಿತು. ಒಂದು ಮೂಟೆ ಜಾರಲಿಲ್ಲ. ಮನೆಗೆ ಬಂದು ಅಕ್ಕನಿಗೆ, “ಸ್ವಲ್ಪ ತಡ ಆಯ್ತು,” ಎಂದರಂತೆ. ಅಷ್ಟೇ.

ಇಂಥವರೂ ಹೊಸ ಪರೀಕ್ಷೆ ಪಾಸು ಮಾಡಲೇಬೇಕು ಎಂದು ನಿಮ್ಮ ಹೊಸ ನಿಯಮ. ಮಾಡೋಣ, ತಪ್ಪೇನಿಲ್ಲ. ಅರ್ಜಿ ಕೊಟ್ಟು ಏಳು ತಿಂಗಳು ಕಾದ ಮೇಲೆ ಸರದಿ ಬಂತು. ಆ ಬೆಳಿಗ್ಗೆ ನಾನೇ ಜೊತೆಗೆ ಹೋದೆ. ಗೇಟಿನ ಹತ್ತಿರ ನಿಂತು ಭಾವನಿಗೆ ನಾನೇ ಬುದ್ಧಿ ಹೇಳಿದೆ: “ಭಾವ, ಅವ್ರು ಹೇಗೆ ಹೇಳ್ತಾರೋ ಹಾಗೇ ಮಾಡಿ. ಎದುರು ಮಾತಾಡ್ಬೇಡಿ.” ಈ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ.

ಯಾಕೆಂದರೆ ಅವರು ಹಾಗೇ ಮಾಡಿದರು. ಬಿಳಿ ಗೆರೆಗಳ ಮೈದಾನದಲ್ಲಿ ಬರೀ ಎಂಜಿನ್ ಗಾಡಿ ನಿಂತಿತ್ತು. ನಿಮ್ಮ ಪರೀಕ್ಷಕರು ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತು, “ಹಿಂದೆ ಟ್ರೇಲರ್ ಇದೆ ಅಂದ್ಕೊಳ್ರೀ,” ಎಂದರು. ಭಾವ ಹಿಂದೆ ಹೋಗಿ ನೋಡಿ ಬಂದು ಕೇಳಿದರು: “ಎಷ್ಟುದ್ದ ಅಂದ್ಕೊಳ್ಲಿ ಸಾರ್?”

“ಎಷ್ಟಾದ್ರೂ ಅಂದ್ಕೊಳ್ರೀ, ನಮ್ದೇನು ಹೋಗ್ಬೇಕು!” ಎಂದು ಪರೀಕ್ಷಕರು ನಕ್ಕರು. ಬೇಲಿಯ ಆಚೆ ಬೆಂಚಿನ ಮೇಲೆ ಕೂತಿದ್ದವರೂ ನಕ್ಕರು. ನಾನೂ ನಕ್ಕೆ ಎನ್ನಲು ನಾಚಿಕೆಯಾಗುತ್ತದೆ. ಭಾವ ನಗಲಿಲ್ಲ. ನಲವತ್ತು ಅಡಿ ಎಂದುಕೊಂಡರು.

ಎಡಕ್ಕೆ ತಿರುಗುವಾಗ ಮೊದಲು ಬಲಕ್ಕೆ ಅಗಲವಾಗಿ ಹೊರಳಿದರು; ಹಿಂದೆ ನಲವತ್ತು ಅಡಿ ಇದ್ದರೆ ಮೂಲೆಯ ಕಂಬಕ್ಕೆ ತಾಗದಿರಲು ಹಾಗೆಯೇ ಹೊರಳಬೇಕು. ಮುಂದಿನ ಚಕ್ರ ಗೆರೆ ದಾಟಿತು. ನಿಮ್ಮವರು ಬರೆದುಕೊಂಡರು: ‘ಅನಗತ್ಯವಾಗಿ ಅಗಲವಾದ ತಿರುವು. ಹತೋಟಿ ಸಾಲದು.’ ಹಿಮ್ಮುಖ ಬರುವಾಗ ಬಾಲ ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಸ್ಟೀರಿಂಗ್ ತಿರುಗಿಸಿದರು. ಟ್ರೇಲರ್ ಕಟ್ಟಿಕೊಂಡವರೆಲ್ಲ ಹಾಗೆಯೇ ತಿರುಗಿಸುವುದು. ‘ದಿಕ್ಕಿನ ವಿಷಯದಲ್ಲಿ ಗೊಂದಲ’ ಎಂದು ಬರೆದುಕೊಂಡರು. ಕೊನೆಗೆ ಗಾಡಿ ನಿಲ್ಲಿಸಿ, ಇಳಿದು, ಹಿಂದಕ್ಕೆ ನಡೆದರು. ನಲವತ್ತು ಅಡಿ ನಡೆದು ನಿಂತು, ಬಗ್ಗಿ, ಖಾಲಿ ನೆಲವನ್ನು ನೋಡಿದರು. ಇಲ್ಲದ ಚಕ್ರ ಗೆರೆಯೊಳಗೆ ಇದೆಯೇ ಎಂದು ನೋಡಿ, ಇದೆ ಎಂದು ತಲೆಯಾಡಿಸಿ ಬಂದು ಹತ್ತಿದರು. ‘ಅನುಮತಿಯಿಲ್ಲದೆ ವಾಹನದಿಂದ ಇಳಿದಿರುತ್ತಾರೆ’ ಎಂಬುದು ಮೂರನೆಯ ತಪ್ಪು. ಮೂರು ತಪ್ಪಿಗೆ ಫೇಲು. ಅವರ ಹಿಂದೆಯೇ ಹತ್ತಿದವನೊಬ್ಬ ಕಾರು ಓಡಿಸಿದ ಹಾಗೆ ಸುಂಯ್ ಎಂದು ಒಂದು ಸುತ್ತು ಹೊಡೆದು ಪಾಸಾದ. ಹದಿನೈದು ದಿನದ ನಂತರ ನನ್ನ ಕಂಬಕ್ಕೆ ಗುದ್ದಿದವನು ಅವನೇ!

ಹೊರಗೆ ಚಹಾದಂಗಡಿಯವನು ನನ್ನ ಮುಖ ನೋಡಿ, “ಮೊದ್ಲೇ ನನ್ನ ಕೇಳ್ಬಾರ್ದಿತ್ತಾ ಅಮ್ಮಾ? ಹಿಂದೆ ಏನೂ ಇಲ್ಲ ಅಂತ ಓಡಿಸ್ಬೇಕು, ಆಗ ಪಾಸು,” ಎಂದ. ನಿಮ್ಮ ಪರೀಕ್ಷೆಯ ಗುಟ್ಟು ಚಹಾದಂಗಡಿಯವನಿಗೆ ಗೊತ್ತು, ಕಲಿಯುವವರಿಗೆಲ್ಲ ಗೊತ್ತು. ಗೊತ್ತಿಲ್ಲದಿದ್ದದ್ದು ಕೆಲಸ ಬಲ್ಲ ಒಬ್ಬ ಮನುಷ್ಯನಿಗೆ ಮಾತ್ರ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ನಡುವೆ, ಹೋಗಿ ಎತ್ತಿನ ಹೊಟ್ಟೆ ಮುಟ್ಟಿ ನೋಡುವವನು ದಡ್ಡ ಎನಿಸಿಕೊಂಡ. ಮಾನ್ಯರೇ, ಕೇಳುತ್ತೇನೆ, ನಿಮ್ಮ ಮನೆಯವರು ಹೋಗುವ ರಸ್ತೆಯಲ್ಲಿ ಎದುರಿಗೆ ಬರುವ ಟ್ರೇಲರನ್ನು ಇವರಿಬ್ಬರಲ್ಲಿ ಯಾರು ಓಡಿಸಲಿ?

ಫೇಲಾದವರು ಆರು ತಿಂಗಳು ಮತ್ತೆ ಅರ್ಜಿ ಹಾಕುವಂತಿಲ್ಲ. ಐವತ್ತೆಂಟು ತುಂಬಿದವರು ಅರ್ಜಿಯನ್ನೇ ಹಾಕುವಂತಿಲ್ಲ. ಭಾವನಿಗೆ ಬರುವ ತಿಂಗಳ ಹದಿನಾಲ್ಕಕ್ಕೆ ಐವತ್ತೆಂಟು. ಅಂದರೆ ಆ ಕೊಡೆಯ ನೆರಳಿನ ಕುರ್ಚಿಯಿಂದ ನಿಮ್ಮವರು ಒಂದು ಇಡೀ ಬದುಕನ್ನು ಹದಿಮೂರು ನಿಮಿಷದಲ್ಲಿ ಮುಗಿಸಿ ಕಳಿಸಿದ್ದಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಭಾವ ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಅಂಗಳಕ್ಕೆ ಬರುತ್ತಾರೆ. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಕೂರುತ್ತಾರೆ. ಆರಿಸುತ್ತಾರೆ. ಎರಡೂ ಕಡೆಯ ಕನ್ನಡಿ ಒರೆಸುತ್ತಾರೆ. ಮನೆಗೆ ಹೋಗುತ್ತಾರೆ. ಅಕ್ಕ ಮೊನ್ನೆ ಹೇಳಿದಳು: “ಇಷ್ಟು ವರ್ಷ ಯಾವಾಗ ಬರ್ತಾರೋ ಅಂತ ಬಾಗ್ಲು ನೋಡ್ತಿದ್ದೆ ಕಣೇ. ಈಗ ದಿನಾ ಮನೇಲೇ ಇದಾರೆ. ಒಂದು ಮಾತಿಲ್ಲ. ಎದ್ದು ಹೋಗಿ ಏನಾದ್ರೂ ಮಾಡ್ಕೊಂಡ್ಬಿಟ್ರೆ ಅಂತ ಭಯ ಆಗತ್ತೆ.” ನಾನು ಅವಳಿಗೆ ಏನು ಹೇಳಲಿ, ನೀವೇ ಹೇಳಿ. ಪರಿಶೀಲನೆಯಲ್ಲಿದೆ ಎನ್ನಲೇ?

ಒಂಬತ್ತು ಜನರಲ್ಲಿ ಕೊನೆಗೆ ಬಂದವಳ ವಿಷಯ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು, ನಿಮ್ಮದೇ ಪ್ರಮಾಣಪತ್ರ. ಹತ್ತಿ ಕೂತು, ಎರಡು ಅಡಿ ಹಿಂದೆ ಸರಿಸಿ, ನಿಲ್ಲಿಸಿ, ಇಳಿದು, ಹಿಂದಕ್ಕೆ ಹೋಗಿ ನೋಡಿದಳು. ವಾಪಸು ಬಂದು, “ನಂಗೆ ಬರಲ್ಲ ಮೇಡಂ. ಯಾರಾದ್ರೂ ಹೇಳ್ಕೊಟ್ರೆ ಕಲೀತೀನಿ,” ಎಂದಳು. ಕನ್ನಡಿ ಒರೆಸುತ್ತಿದ್ದ ಭಾವ ತಿರುಗಿ ನೋಡಿದರು. ಆ ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಆಗ ಬಂತು: “ಇಳಿದು ನೋಡಿದ್ಯಲ್ಲಮ್ಮ, ಅದು ಬಂದ್ರೆ ಸಾಕು. ಉಳಿದಿದ್ದು ನಾನು ಹೇಳ್ಕೊಡ್ತೀನಿ.” ಆದರೆ ಹೇಳಿಕೊಡುವಂತಿಲ್ಲ. ಕಲಿಸುವವರ ಬಳಿ ನಿಮ್ಮ ಪ್ರಮಾಣಪತ್ರ ಇರಬೇಕಂತೆ. ಕಂಬಕ್ಕೆ ಗುದ್ದಿದವನು ಬೇಕಾದರೆ ಅವಳಿಗೆ ಕಲಿಸಬಹುದು, ಅವನ ಬಳಿ ಇದೆ!

ಈಗ ನನ್ನ ಬೇಡಿಕೆ. ದಯೆ ಬೇಡ, ವಿನಾಯಿತಿ ಬೇಡ, ವಯಸ್ಸಾದವರು ಎಂಬ ಕನಿಕರವೂ ಬೇಡ. ಬರುವ ತಿಂಗಳ ಹದಿನಾಲ್ಕರ ಒಳಗೆ ಭಾವನಿಗೆ ಮರುಪರೀಕ್ಷೆ ಆಗಬೇಕು, ನಿಜವಾದ ಟ್ರೇಲರಿನ ಮೇಲೆ. ಟ್ರೇಲರ್ ಎಲ್ಲಿಂದ ತರೋಣ ಎಂದು ಹೊಸ ಕಡತ ತೆರೆಯಬೇಡಿ. ನನ್ನದನ್ನೇ ಕೊಡುತ್ತೇನೆ, ಒಂದು ದಿನಕ್ಕೆ, ತೊಳೆಸಿ ಒರೆಸಿ ಕೊಡುತ್ತೇನೆ. ಒಂದೇ ತೊಡಕು. ನನ್ನ ಅಂಗಳದಿಂದ ನಿಮ್ಮ ಮೈದಾನಕ್ಕೆ ಹನ್ನೊಂದು ಕಿಲೋಮೀಟರ್. ಅದನ್ನು ಅಲ್ಲಿಗೆ ತರಬಲ್ಲ ಮನುಷ್ಯನಿಗೆ ನೀವು ಪರವಾನಗಿ ಕೊಟ್ಟಿಲ್ಲ. ಹಾಗಾಗಿ ನಿಮ್ಮ ಮುನ್ನೂರ ಹನ್ನೆರಡು ಅರ್ಹರಲ್ಲಿ ಯಾರನ್ನಾದರೂ ಒಬ್ಬರನ್ನು ಕಳಿಸಿಕೊಡಿ, ಬಂದು ಗೇಟು ದಾಟಿಸಿ ಒಯ್ಯಲಿ. ಭಾವ ಹಿಂದೆ ನಿಂತು ಕೈಸನ್ನೆ ಮಾಡುತ್ತಾರೆ. ಕೈಸನ್ನೆಗೆ ಪ್ರಮಾಣಪತ್ರ ಬೇಕೆಂಬ ನಿಯಮ ಇನ್ನೂ ಬಂದಿಲ್ಲ ಎಂದು ಕೇಳಿದ್ದೇನೆ.

ಒಬ್ಬರೂ ಸಿಗದಿದ್ದರೆ ನೀವೇ ಬನ್ನಿ. ಕುರ್ಚಿ ಬೇಡ, ಭಾವನ ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ನಮ್ಮ ಅಂಗಳದಲ್ಲೇ ಪರೀಕ್ಷೆ ಆಗಲಿ, ವಾಲಿದ ಕಂಬದ ಪಕ್ಕದಲ್ಲೇ. ನಡುವೆ ಅವರು ಎಂಜಿನ್ ನಿಲ್ಲಿಸಿ ಇಳಿದು ಹಿಂದಕ್ಕೆ ನಡೆದರೆ ಪೆನ್ನು ತೆಗೆಯಬೇಡಿ. ನೀವೂ ಇಳಿದು ಅವರ ಜೊತೆ ಹೋಗಿ ನೋಡಿ. ಈ ಸಲ ಅಲ್ಲಿ ಟ್ರೇಲರ್ ಇರುತ್ತದೆ.

ಇಂತಿ,
ಮನೆಯಲ್ಲೇ ಚಾಲಕರಿದ್ದೂ ಗೇಟಿಗೆ ‘ಚಾಲಕರು ಬೇಕಾಗಿದ್ದಾರೆ’ ಎಂದು ಬೋರ್ಡು ತೂಗುಹಾಕಿಕೊಂಡ,
ಮೆಲ್ಲಗಣ್ಣನಿಗೆ ‘ಹೇಳಿದ ಹಾಗೆ ಮಾಡಿ’ ಎಂದು ಬುದ್ಧಿ ಹೇಳಿ ಕೆಟ್ಟ ನಾದಿನಿ